ಮೇಜಿನ ಮೇಲೆ ಸರಿಯಿದ್ದ ಸಂಪ್

ಸ್ವಂತವಾಗಿ ವಿಮಾನ ಕಟ್ಟಿಕೊಳ್ಳುವವರಿಗೆ ಇಂಜಿನ್ ಭಾಗಗಳನ್ನು ಮಾಡಿಕೊಡುವುದು ನನ್ನ ಕೆಲಸ. ಒಮ್ಮೆ ಒಬ್ಬರು ವಿಮಾನಕ್ಕೆ ಕೂರಿಸಲು ಮಾಜ್ಡಾ ಕಾರಿನ 13ಬಿ ರೋಟರಿ ಇಂಜಿನ್ ತಂದರು. ಕಾರಿನ ಆಯಿಲ್ ಸಂಪ್ (ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ತುಂಬಾ ಆಳ, ಕೌಲಿಂಗ್ (ವಿಮಾನದ ಇಂಜಿನ್ ಮೇಲಿನ ಹೊದಿಕೆ) ಒಳಗೆ ಕೂರುತ್ತಿಲ್ಲ, ಆಳ ಕಡಿಮೆ ಇರುವುದೊಂದು ಮಾಡಿಕೊಡಿ ಅಂದರು. ತಗಡಿನ ಡಬ್ಬಿ ತಾನೇ ಅಂದುಕೊಂಡು ಒಪ್ಪಿದೆ.

ರೋಟರಿ ಅಂದರೆ ಮೊದಲ ಮಹಾಯುದ್ಧದ ವಿಮಾನಗಳ ಇಂಜಿನ್ ನೆನಪಾಗಬಹುದು. ಅದು ಬೇರೆ. ಅದರಲ್ಲಿ ಸಿಲಿಂಡರ್‌ಗಳೇ ಪ್ರೊಪೆಲ್ಲರ್ ಜೊತೆ ಸುತ್ತುತ್ತಿದ್ದವು. ಹರಳೆಣ್ಣೆ ಕುಡಿದು ಹೊರಗೆ ಉಗುಳುತ್ತಿದ್ದವು, ಸಂಪ್‌ನ ಗೊಡವೆಯೇ ಇರಲಿಲ್ಲ. ಇದು ವ್ಯಾಂಕೆಲ್, ಮೂರು ಮೂಲೆಯ ರೋಟರ್. ಇದರಲ್ಲಿ ಆಯಿಲ್ ಬೇರಿಂಗ್‌ಗಳನ್ನು ಮಾತ್ರ ನೋಡಿಕೊಳ್ಳುವುದಿಲ್ಲ, ರೋಟರ್‌ಗಳ ಹೊಟ್ಟೆಯೊಳಗೆ ಹರಿದು ಅವನ್ನು ತಣ್ಣಗೂ ಮಾಡುತ್ತದೆ. ಪಂಪ್ ಗಾಳಿ ಎಳೆದರೆ ಎರಡೂ ಕೆಲಸ ಒಟ್ಟಿಗೆ ಕೆಡುತ್ತವೆ.

ತಿರುವಿನ ಚಿಂತೆ ನನಗಿರಲಿಲ್ಲ. ಕಾರು ತಿರುಗಿದಾಗ ಆಯಿಲ್ ಪಕ್ಕಕ್ಕೆ ನುಗ್ಗುತ್ತದೆ. ವಿಮಾನ ಸರಿಯಾಗಿ ವಾಲಿ ತಿರುಗಿದರೆ ಅದು ತಳಕ್ಕೇ ಅಂಟಿಕೊಂಡಿರುತ್ತದೆ. ನನ್ನ ಲೆಕ್ಕವೆಲ್ಲ ಮೇಲೇರುವುದರ ಬಗ್ಗೆ ಇತ್ತು. ವಿಮಾನದಲ್ಲಿ ಈ ಇಂಜಿನ್ ಸಾಮಾನ್ಯವಾಗಿ ಹಿಂದುಮುಂದಾಗಿ ಕೂರುತ್ತದೆ. ಫ್ಲೈವೀಲ್ ಕಡೆಗೆ ಗೇರ್‌ಬಾಕ್ಸ್, ಅದರ ಮುಂದೆ ಪ್ರೊಪೆಲ್ಲರ್. ಕಾರಿನಲ್ಲಿ ಮುಂದಿದ್ದ ಆಯಿಲ್ ಪಂಪ್ ಇಲ್ಲಿ ಹಿಂದೆ, ಇಂಜಿನ್‌ಗೂ ಕಾಕ್‌ಪಿಟ್‌ಗೂ ನಡುವಿನ ಬೆಂಕಿ ತಡೆಯುವ ಗೋಡೆ (ಫೈರ್‌ವಾಲ್) ಹತ್ತಿರ ಬರುತ್ತದೆ. ಮೂಗು ಮೇಲೆತ್ತಿದಾಗ ಆಯಿಲ್ ಹರಿಯುವುದೂ ಅಲ್ಲಿಗೇ. ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು! ಸಂಪ್‌ನಿಂದ ಪಂಪ್‌ಗೆ ಆಯಿಲ್ ಎಳೆಯುವ ಪಿಕಪ್ ಪೈಪನ್ನು ಹಿಂದಿನ ತುದಿಯಲ್ಲೇ ಇಳಿಸಿದೆ.

ಸಂಪ್‌ನ ಉದ್ದ 450 ಮಿ.ಮೀ., ಅಗಲ 200, ಆಯಿಲ್ ಆಳ 60. ಸುಮಾರು 5.4 ಲೀಟರ್. ಸ್ಟ್ಯಾಂಡ್ ಮೇಲೆ ಇಂಜಿನ್ ಓಡಿಸಿದರೆ ಆಯಿಲ್ ಪ್ರೆಶರ್ ತೋರಿಸುವ ಮುಳ್ಳು ಅಲ್ಲಾಡಲಿಲ್ಲ. ಬಿಲ್ ಬರೆಯಲು ಕೂತಿದ್ದೆ.

ಅಷ್ಟರಲ್ಲಿ ಅವರು ಕೇಳಿದರು, “ಇಳಿಯುವಾಗ ಹೇಗೆ ಸಾರ್?”

ಸುಮ್ನೆ ನೋಡೋಣ ಅಂತ ಸ್ಟ್ಯಾಂಡಿನ ಹಿಂಭಾಗಕ್ಕೆ ಮರದ ದಿಮ್ಮಿ ಕೊಟ್ಟು 10 ಡಿಗ್ರಿ ಎತ್ತಿದೆವು. ಇಂಜಿನ್ ಓಡಿಸಿ ಸ್ವಲ್ಪ ಹೊತ್ತಿಗೇ ಮುಳ್ಳು ನಡುಗತೊಡಗಿತು. ತಕ್ಷಣ ಆಫ್ ಮಾಡಿದೆ.

ಆಮೇಲೆ ಕಾಗದದ ಮೇಲೆ ಗುಣಿಸಿ ನೋಡಿದರೆ ನಾಚಿಕೆಯಾಯಿತು. ಅಷ್ಟು ಉದ್ದಕ್ಕೆ 10 ಡಿಗ್ರಿ ಅಂದರೆ ಎರಡು ತುದಿಗಳ ಮಟ್ಟದಲ್ಲಿ 79 ಮಿ.ಮೀ. ವ್ಯತ್ಯಾಸ. ಹಿಂದಿನ ತುದಿಯಲ್ಲಿ 40 ಇಳಿಯುತ್ತದೆ. ಇಂಜಿನ್ ಓಡುವಾಗ ಒಂದಷ್ಟು ಆಯಿಲ್ ಮೇಲೆಯೇ ಇರುತ್ತದೆ. ಅದು ಒಂದು ಲೀಟರ್‌ಗೆ ತುಸು ಕಡಿಮೆ ಅಂದರೂ ಇನ್ನೂ 10 ಹೋಯಿತು. ಉಳಿದದ್ದು 10. ಪಿಕಪ್ ಬಾಯಿ ತಳದಿಂದ ಎಷ್ಟು ಮೇಲಿತ್ತು ಗೊತ್ತಾ? ಅದೂ 10! ಇಳಿಯುವಾಗ ಇಂಜಿನ್ ನಿಧಾನವಾಗಿರುತ್ತದೆ, ಸರಿ. ಆದರೆ ರನ್‌ವೇ ಹತ್ತಿರ ಬಂದು, ಬೇಡ ಅನ್ನಿಸಿ ಮತ್ತೆ ಪೂರ್ತಿ ಥ್ರಾಟಲ್ ಕೊಟ್ಟರೆ? ಪಂಪ್ ಆಯಿಲ್ ಕೇಳುವ ಹೊತ್ತಿಗೆ ಅದು ಇನ್ನೊಂದು ತುದಿಯಲ್ಲಿರುತ್ತದೆ.

ಎರಡನೇ ಸಂಪ್‌ನಲ್ಲಿ ಪಿಕಪ್ ಬಾಯನ್ನು ನಡುವಿಗೆ ತಂದೆ. ಯಾವ ಕಡೆ ವಾಲಿದರೂ ನಡುವಿನ ಮಟ್ಟ ಹೆಚ್ಚೇನೂ ಬದಲಾಗುವುದಿಲ್ಲ, ತಕ್ಕಡಿಯ ದಂಡಿಗೆಯ ಹಾಗೆ. ಸುತ್ತ ಒಂದು ಪೆಟ್ಟಿಗೆ, ಅದರ ಗೋಡೆಗಳಲ್ಲಿ ಒಳಕ್ಕೆ ಮಾತ್ರ ತೆರೆಯುವ ಪುಟ್ಟ ಬಾಗಿಲುಗಳು. ಆಯಿಲ್ ಒಳಗೆ ಬರಬಹುದು, ಬೇಗ ಹೊರಗೆ ಹೋಗಲಾಗದು. ಪೈಪ್ ಉದ್ದವಾಯಿತು, ಅದೇ ಹೊಸ ತಲೆನೋವು. ಉದ್ದದ ಪೈಪ್ ಅದುರಿ ಬುಡದಲ್ಲಿ ಬಿರುಕು ಬಿಡಬಹುದು. ಅದು ಎಳೆಯುವ ಪೈಪ್ ಆದ್ದರಿಂದ ಬಿರುಕಿನಿಂದ ಆಯಿಲ್ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಹಾಗಾಗಿ ಪೈಪಿನ ಬಾಯಿ ಹತ್ತಿರವೂ ಒಂದು ಆಧಾರ ಕೊಟ್ಟೆ.

ಫ್ಲ್ಯಾಂಜ್, ಅಂದರೆ ಸಂಪ್ ಇಂಜಿನ್‌ಗೆ ಕೂರುವ ಅಂಚಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಯೂಮಿನಿಯಂ ವೆಲ್ಡಿಂಗ್‌ಗೆ ಸೊಟ್ಟಗಾಗುತ್ತದೆ, ಆದ್ದರಿಂದ ಅದನ್ನು ಕೆತ್ತಿ ಸಮತಟ್ಟು ಮಾಡುವ ಮಿಲ್ಲಿಂಗ್ ಕೆಲಸ ವೆಲ್ಡಿಂಗ್ ಆದ ಮೇಲೆ. ಈ ಇಂಜಿನ್ ಹಲವು ಹೌಸಿಂಗ್‌ಗಳನ್ನು (ಹೊರಕವಚದ ತುಂಡುಗಳನ್ನು) ಒಂದರ ಪಕ್ಕ ಒಂದು ಜೋಡಿಸಿದ್ದು. ಸಂಪ್ ಅಷ್ಟೂ ಸಂದುಗಳ ಮೇಲೆ ಕೂರಬೇಕು. ಸೋರುವುದು ಹೆಚ್ಚಾಗಿ ಅಲ್ಲೇ.

ಈ ಸಲ ದಿಮ್ಮಿಯನ್ನು ಹಿಂದೆಯೂ ಕೊಟ್ಟೆವು, ಮುಂದೆಯೂ ಕೊಟ್ಟೆವು. ಮುಳ್ಳು ನಿಂತಲ್ಲೇ ನಿಂತಿತು. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಮೇಲೆ ಗೀರು ಹಾಕುವುದನ್ನು ಮಾತ್ರ ಉಳಿಸಿಕೊಂಡೆ. ಅವರದ್ದು ಬಾಲದಲ್ಲಿ ಚಕ್ರ ಇರುವ ವಿಮಾನ, ನೆಲದ ಮೇಲೆ ಮೂಗೆತ್ತಿಯೇ ನಿಲ್ಲುತ್ತದೆ. ಇಂಜಿನ್ ಕೂರಿಸಿದ ಮೇಲೆ, ವಿಮಾನ ನಿಂತ ಭಂಗಿಯಲ್ಲೇ ಆಯಿಲ್ ತುಂಬಿ ಗೀರು ಎಳೆದೆ.