ಪಕ್ಕದವರ ಡಬ್ಬ

14 ಡಿಸೆಂಬರ್ 2025, ಭಾನುವಾರ ರಾತ್ರಿ
ತೀರ್ಥಹಳ್ಳಿ ಹತ್ತಿರ

ಎಡಗೈ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬರೆಯುತ್ತಿದ್ದೇನೆ. ಗಾಯ ದೊಡ್ಡದೇನಲ್ಲ. ಆದರೆ ಅದರ ಕತೆ ಹೇಳಬೇಕಾದರೆ ಹೋದ ಭಾನುವಾರದಿಂದ ಶುರು ಮಾಡಬೇಕು.

ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಪ್ರಕಟಣೆ ಓದುತ್ತಾ ಫಾದರ್, ಪಕ್ಕದ ಮನೆ ಅಕ್ಕನ ಮಗಳಿಗೆ ಸರ್ಕಾರಿ ನರ್ಸ್ ಕೆಲಸ ಸಿಕ್ಕಿದೆ ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ನನ್ನ ಮಗಳೂ ಅದೇ ಪರೀಕ್ಷೆ ಬರೆದಿದ್ದಳು. ಇಬ್ಬರೂ ಓದಿದ್ದು ನಮ್ಮ ಜಗುಲಿಯಲ್ಲೇ. ರಾತ್ರಿ ಕಾಫಿ ಮಾಡಿಕೊಟ್ಟವಳು ನಾನು, ಇಬ್ಬರ ಹೆಸರೂ ಹೇಳಿ ಒಂಬತ್ತು ದಿನ ನವೇನ ಪ್ರಾರ್ಥನೆ ಮಾಡಿದವಳೂ ನಾನೇ. ಒಂದು ಹೆಸರು ಕೇಳಿಸಿದ ದೇವರಿಗೆ ಇನ್ನೊಂದು ಯಾಕೆ ಕೇಳಿಸಲಿಲ್ಲ ಅನ್ನುವ ಪ್ರಶ್ನೆ ಗಂಟಲಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ವಾರವೆಲ್ಲಾ ಅಕ್ಕನಿಗೆ ಮುಖ ಕೊಡಲಿಲ್ಲ. ಗುರುವಾರ ಜಪಸರದ ಪ್ರಾರ್ಥನೆ ಅವರ ಮನೆಯಲ್ಲಿತ್ತು. ತಲೆನೋವು ಅಂತ ಸುಳ್ಳು ಹೇಳಿ ಉಳಿದೆ. ಮಗಳು ಮಾತ್ರ ಹೋಗಿ ಬಂದಳು. "ಸಿಗದೇ ಇದ್ದಿದ್ದು ನಂಗೆ, ನಾನೇ ಅವಳ ಹತ್ರ ಮಾತಾಡ್ತೀನಿ, ನಿಂಗೇನಮ್ಮ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ದೂರದ ಯಾರಿಗೋ ಸಿಕ್ಕಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಒಂದೇ ಬೆಂಚಿನಲ್ಲಿ ಕೂತು, ಒಂದೇ ಹಾಡು ಹಾಡಿ, ಒಂದೇ ರೊಟ್ಟಿಗೆ ಕೈ ಒಡ್ಡುವವರ ನಡುವೆಯೇ ಈ ಕಿಚ್ಚು ಜಾಸ್ತಿ ಅಲ್ವಾ? ಮತ್ಸರ ಅಂದರೆ ಇನ್ನೊಬ್ಬರ ಒಳಿತನ್ನು ಕಂಡು ಪಡುವ ದುಃಖ ಅಂತ 13ನೇ ಶತಮಾನದಲ್ಲೇ ಸಂತ ತೋಮಸ್ ಅಕ್ವಿನಾಸ್ ಹೇಳಿದ್ದಾರೆ. ದುಃಖ. ಆ ಮಾತು ನನಗೆ ಸರಿ ಅನ್ನಿಸಿತು, ಯಾಕೆಂದರೆ ನನಗೆ ಅಕ್ಕನ ಮೇಲೆ ಸಿಟ್ಟಿರಲಿಲ್ಲ, ಸುಮ್ನೆ ಅಳು ಬರುತ್ತಿತ್ತು.

ನಿನ್ನೆ ಪಾಪನಿವೇದನೆಯಲ್ಲಿ ಎಲ್ಲಾ ಹೇಳಿಬಿಟ್ಟೆ. ಫಾದರ್ ಬೈಯಲಿಲ್ಲ. "ಮನಸ್ಸು ಸರಿಹೋದ ಮೇಲೆ ಹೋಗ್ತೀನಿ ಅಂತ ಕಾಯಬೇಡಮ್ಮ. ಮೊದಲು ಹೋಗು" ಅಂದರು.

ಇವತ್ತು ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೂರನೇ ಭಾನುವಾರ, ಆನಂದದ ಭಾನುವಾರ. ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚಿದರು. ಓದಿದ ಶುಭಸಂದೇಶದಲ್ಲಿ, ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನರು ಸೆರೆಮನೆಯಲ್ಲಿದ್ದರು. ಅದಕ್ಕೂ ಮುಂಚೆ, ಜನರೆಲ್ಲಾ ಯೇಸುವಿನ ಕಡೆ ಹೋಗುತ್ತಿದ್ದಾರೆ ಅಂತ ತಮ್ಮ ಶಿಷ್ಯರು ದೂರು ತಂದಾಗ, ಇದರಿಂದ ನನ್ನ ಸಂತೋಷ ತುಂಬಿತು ಅಂದವರು ಇದೇ ಯೊವಾನ್ನರು. ಅದು ನೆನಪಾಗಿ ತಲೆ ತಗ್ಗಿಸಿಕೊಂಡು ಕೂತೆ.

ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಅಡಿಕೆಗೊನೆ ಕೊಯ್ಯುವ ಸಮಯ, ಅಂಗಳದ ತುಂಬ ಹಸಿ ಅಡಿಕೆ. ಭಾನುವಾರ ಕೆಲಸ ಬೇಡ ಅಂತ ನಮ್ಮಮ್ಮ ಹೇಳುತ್ತಿದ್ದರು, ಆದರೆ ಕೊಯ್ದ ಅಡಿಕೆ ಕಾಯುವುದಿಲ್ಲ. "ಬಂದ್ಯೇನೇ? ಕೂತ್ಕೋ" ಅಂತ ಅಕ್ಕ ಅಡಿಕೆ ಸುಲಿಯುವ ಮೆಟ್ಟುಗತ್ತಿ ನನ್ನ ಕಡೆ ತಳ್ಳಿದರು. ತಲೆನೋವಿನ ಬಗ್ಗೆ ಕೇಳಲೇ ಇಲ್ಲ.

ಸುಲಿಯಲು ಏಳು ಜನ ಇದ್ದೆವು. ನಾನು ಮುಯ್ಯಾಳು, ಕೆಲಸಕ್ಕೆ ಕೆಲಸ. ಉಳಿದವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಎಷ್ಟು ಡಬ್ಬ ತುಂಬಿದರೆ ಅಷ್ಟು ದುಡ್ಡು. ನನಗೆ ಕೂಲಿಯೇ ಇಲ್ಲ, ಆದರೂ ಕಣ್ಣು ಪಕ್ಕದವಳ ಡಬ್ಬಕ್ಕೆ ಹೋಯಿತು. ಅವಳದು ಮುಕ್ಕಾಲು, ನನ್ನದು ತಳದಲ್ಲೇ. ಅಷ್ಟರಲ್ಲಿ ಕತ್ತಿ ಬೆರಳಿಗೆ ತಾಗಿತು.

ಅಕ್ಕ ಹಳೇ ಸೀರೆ ಹರಿದು ಬಟ್ಟೆ ಕಟ್ಟುವಾಗ ಮತ್ತಾಯನ ಶುಭಸಂದೇಶದ ದ್ರಾಕ್ಷಿತೋಟದ ಸಾಮತಿ, ಯೇಸು ಹೇಳಿದ ಕತೆ, ನೆನಪಾಯಿತು. ಬೆಳಗ್ಗೆ ಬಂದವರಿಗೂ ಸಂಜೆ ಐದರ ಹೊತ್ತಿಗೆ ಬಂದವರಿಗೂ ಯಜಮಾನ ಒಂದೊಂದೇ ದಿನಾರಿ, ಅಂದರೆ ಒಂದು ದಿನದ ಕೂಲಿಯ ನಾಣ್ಯ, ಕೊಡುತ್ತಾನೆ. ಡಬ್ಬ ಎಣಿಸಿಯೇ ಬೆಳೆದ ನನಗೆ ಅದು ಯಾವತ್ತೂ ನ್ಯಾಯ ಅನ್ನಿಸಿರಲಿಲ್ಲ. ಇವತ್ತು ಬೇರೆಯೇ ಒಂದು ವಿಷಯ ಕಾಣಿಸಿತು. ಬೆಳಗಿನವರಿಗೆ ಒಪ್ಪಿಕೊಂಡ ಕೂಲಿ ಪೂರ್ತಿ ಸಿಕ್ಕಿತ್ತು. ಪಕ್ಕದವರ ಕೈ ನೋಡುವವರೆಗೂ ಅವರ ಕೈಯಲ್ಲಿದ್ದ ದಿನಾರಿಗೆ ಏನೂ ಕಮ್ಮಿ ಆಗಿರಲಿಲ್ಲ.

"ಮಗಳಿಗೆ ಕೆಲಸ ಸಿಕ್ಕಿತಲ್ಲ ಅಕ್ಕ, ಒಳ್ಳೇದಾಯ್ತು" ಅಂದೆ. ಹೇಳುವಾಗ ಸ್ವರ ನಡುಗಿತು. ಅಕ್ಕ ನನ್ನ ಕೈ ಹಿಡಿದೇ ಇದ್ದರು, ಗಂಟು ಹಾಕಿ ಮುಗಿದ ಮೇಲೂ.

ಉರಿ ಪೂರ್ತಿ ಆರಿಲ್ಲ. ಸಂಜೆ ಆ ಹುಡುಗಿ ಹೊಸ ಸೂಟ್‌ಕೇಸ್ ತೋರಿಸಿದಾಗ ಮತ್ತೆ ಚುಚ್ಚಿತು. ನಾಳೆ ಅವರ ಮನೆಯಲ್ಲಿ ಅಡಿಕೆ ಬೇಯಿಸುತ್ತಾರೆ, ಸುಲಿಯುವುದು ಇನ್ನೂ ಎರಡು ದಿನದ್ದು ಬಾಕಿ ಇದೆ. ಬೆಳಗ್ಗೆ ತಿಂಡಿ ಮುಗಿಸಿ ಹೋಗುತ್ತೇನೆ.