850 ಮಿಲಿಸೆಕೆಂಡಿನ ತಂಟೆ ಬಗೆಹರಿಯಿತು

ಮನಸ್ಸು ಚಿಕ್ಕ ಚಿಕ್ಕ ಅವಧಿಗಳನ್ನು ಎಷ್ಟು ಸರಿಯಾಗಿ ಅಂದಾಜು ಮಾಡುತ್ತದೆ ಅಂತ ಅಳೆಯಲು ನಾನು ಮಾಡಿದ ಕಾಲದ ಡಬ್ಬದ ಮೂರನೇ ಆವೃತ್ತಿ ಸರಿಯಾಗಿದೆ. ಅದು ಮೊದಲಿನಿಂದಲೂ ಸರಿಯಾಗಿಯೇ ಇತ್ತು ಅನ್ನುವುದು ಮೊನ್ನೆ ರಾತ್ರಿ ಗೊತ್ತಾಯಿತು. ಖುಷಿಗೆ ನಿದ್ದೆಯೇ ಬರಲಿಲ್ಲ.

ಬೆಸುಗೆ, ಕೋಡು, ಡಬ್ಬಕ್ಕೆ ತೂತು ಕೊರೆದದ್ದು, ಅದೆಲ್ಲ ನಿಮಗೆ ಗೊತ್ತಿರುವುದೇ. ಎಲ್‌ಇಡಿ ಸ್ವಲ್ಪ ಹೊತ್ತು ಉರಿದು ಆರುತ್ತದೆ. ಅದು ಎಷ್ಟು ಹೊತ್ತು ಉರಿಯಿತೋ ಅಷ್ಟೇ ಹೊತ್ತು ಬಟನ್ ಒತ್ತಿ ಹಿಡಿಯಬೇಕು. ಎರಡನ್ನೂ ಆರ್ಡುಯಿನೊ, ಅಂದರೆ ಒಳಗಿನ ಪುಟ್ಟ ಕಂಪ್ಯೂಟರ್ ಬೋರ್ಡು, ಬರೆದಿಡುತ್ತದೆ. 1.2 ಸೆಕೆಂಡಿಗಿಂತ ಉದ್ದದ ಅವಧಿ ಬೇಕೆಂದೇ ಇಟ್ಟಿಲ್ಲ. ಉದ್ದವಾದರೆ ಮನಸ್ಸು ಒಂದು, ಎರಡು ಅಂತ ಎಣಿಸಲು ಶುರು ಮಾಡುತ್ತದೆ. ಆಮೇಲೆ ನಮಗೆ ಸಿಗುವುದು ಎಣಿಕೆ, ಅಂದಾಜಲ್ಲ.

ಎರಡು ವಾರ ಕಾಡಿದ್ದು 850 ಮಿಲಿಸೆಕೆಂಡಿನ ಅವಧಿ. ಸೋಮವಾರ ನಾನು ಒತ್ತಿದ್ದೆಲ್ಲ 850ಕ್ಕಿಂತ ಕಡಿಮೆ. ಗುರುವಾರ ಅದೇ 850ಕ್ಕೆ ಜಾಸ್ತಿ. ಸುಮ್ನೆ ಆಚೀಚೆ ಆಗಿದ್ದರೆ ಕೈ ತಪ್ಪು ಅನ್ನಬಹುದಿತ್ತು. ಇದು ದಿನಕ್ಕೊಂದು ಕಡೆ ವಾಲುತ್ತಿತ್ತು. ತಂಗಿಯನ್ನು ಕೂರಿಸಿದೆ. ಅವಳದೂ ಹಾಗೇ. "ಅಣ್ಣ, ನಿನ್ನ ಲೈಟು ಇವತ್ತು ಬೇಗ ಬೇಗ ಆರ್ತಿದೆ" ಅಂದಳು. ಯಂತ್ರದಲ್ಲೇ ತಪ್ಪಿದೆ ಅಂತ ನನಗೆ ಖಾತ್ರಿಯಾಯಿತು.

ಮೊದಲ ಅನುಮಾನ ಬಟನ್ ಮೇಲೆ. ಈ ಸಲದ ಸ್ವಿಚ್‌ಗಳು ಮೊದಲಿನ ಮಾದರಿಯವಲ್ಲ. ಅದೇ ಬೇಕು ಅಂತ ಬರೆದು ಆರ್ಡರ್ ಮಾಡಿದರೂ ಅಂಗಡಿಯವರು ನೋಡಲು ಅದರಂತಿರುವ ಬೇರೆ ಮಾಲು ಕಳಿಸಿದ್ದಾರೆ. ಒಮ್ಮೆ ಒತ್ತಿದರೆ ಐದಾರು ಸಲ ಪುಟಿದು, ಐದಾರು ಸಲ ಒತ್ತಿದಂತೆ ಕಾಣುತ್ತದೆ. ಅದೇ ಪಾರ್ಸಲ್‌ನಲ್ಲಿ ನಾವು ಕೊಟ್ಟ ಸ್ವರ ನುಡಿಸುವ ಪ್ಯಾಸಿವ್ ಬಝರ್ ಕೇಳಿದ್ದಕ್ಕೆ ತನ್ನದೊಂದೇ ಸ್ವರ ನುಡಿಸುವ ಆ್ಯಕ್ಟಿವ್ ಬಂದಿದೆ. ದೂರು ಕೊಟ್ಟರೆ "ಎರಡೂ ಶಬ್ದ ಮಾಡುತ್ತವೆ" ಅಂತ ಉತ್ತರ! ನನಗೆ ಬೇಕಾದ ಸ್ವರವನ್ನು ಆ್ಯಕ್ಟಿವ್ ಬಝರ್ ಹೊರಡಿಸುತ್ತದೆಯೇ? ಕೆಲಸ ಗೊತ್ತಿಲ್ಲದವರು ಬಿಡಿಭಾಗ ಮಾರಬಾರದು. ಹಳೆಯ ಬೋರ್ಡಿನಿಂದ ಒಳ್ಳೆ ಸ್ವಿಚ್ ಕಿತ್ತು ಹಾಕಿದೆ. ಪುಟಿತವನ್ನು ಲೆಕ್ಕಕ್ಕೆ ಹಿಡಿಯದಂತೆ ತಡೆಯುವ ಕೋಡು, ಡಿಬೌನ್ಸ್, ಅದನ್ನೂ ಬಿಗಿ ಮಾಡಿದೆ. ವಾಲುವುದು ನಿಲ್ಲಲಿಲ್ಲ.

ಆಮೇಲೆ ಗಡಿಯಾರ. ನನ್ನ ಆರ್ಡುಯಿನೊ ಊನೊ ಬೋರ್ಡಿನ ಮುಖ್ಯ ಚಿಪ್‌ಗೆ ತಾಳ ಹಾಕುವುದು ಸೆರಾಮಿಕ್ ರೆಸೊನೇಟರ್ ಅನ್ನುವ ಬಿಡಿಭಾಗ, ಅದು ಗಡಿಯಾರಗಳಲ್ಲಿರುವ ಕ್ರಿಸ್ಟಲ್‌ನಷ್ಟು ನಿಖರವಲ್ಲ. ಆದರೆ ಶೇಕಡಾ ಅರ್ಧದಷ್ಟು ತಪ್ಪಿದರೂ 850ಕ್ಕೆ ನಾಲ್ಕು ಮಿಲಿಸೆಕೆಂಡ್ ಅಷ್ಟೇ, ಅಲ್ವಾ? ನನಗೆ ಕಾಣುತ್ತಿದ್ದದ್ದು ಐವತ್ತು, ಅರವತ್ತು. ಇನ್ನು ಎಲ್‌ಇಡಿಯನ್ನು ದೂರುವ ಹಾಗೇ ಇಲ್ಲ. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಮಾತ್ರ ಬದಲಾಗುತ್ತದೆ ಅಂತಲೇ ಪರದೆ ಬಿಟ್ಟು ಎಲ್‌ಇಡಿ ಹಿಡಿದದ್ದು. ಕೊನೆಗೆ ತಂತಿಯ ಸಂಕೇತ ಎಷ್ಟು ಹೊತ್ತು ಇತ್ತು ಅಂತ ತೋರಿಸುವ ಲಾಜಿಕ್ ಅನಲೈಸರ್ ಸಿಕ್ಕಿಸಿ ನೋಡಿದೆ. 850 ಅಂದರೆ 850.

ಮೊನ್ನೆ ರಾತ್ರಿ ತಾರೀಖಿನ ಪ್ರಕಾರ ಹಾಳೆಗಳನ್ನು ಹರಡಿಕೊಂಡು ಕೂತೆ. ಸೋಮವಾರದ ಅವಧಿಗಳು 500ರಿಂದ 850. ಗುರುವಾರದವು 850ರಿಂದ 1200. ಒಂದರಲ್ಲಿ 850 ಎಲ್ಲಕ್ಕಿಂತ ಉದ್ದ, ಇನ್ನೊಂದರಲ್ಲಿ ಎಲ್ಲಕ್ಕಿಂತ ಗಿಡ್ಡ. ಎರಡೂ ದಿನ ಅದು ಆ ದಿನದ ಸರಾಸರಿಯ ಕಡೆಗೇ ಜರುಗಿತ್ತು!

ಗಿಡ್ಡ ಅವಧಿ ಉದ್ದ ಅನ್ನಿಸುತ್ತದೆ, ಉದ್ದದ್ದು ಗಿಡ್ಡ ಅನ್ನಿಸುತ್ತದೆ ಅಂತ ಜರ್ಮನ್ ಶರೀರಶಾಸ್ತ್ರಜ್ಞ ಕಾರ್ಲ್ ಫಿರೋರ್ಟ್ 1868ರಲ್ಲೇ ಬರೆದಿದ್ದ. ಗಿಡ್ಡ, ಉದ್ದ ಅನ್ನುವುದು ಅವತ್ತಿನ ಗುಂಪನ್ನು ನೋಡಿಯೇ ಅನ್ನುವುದು ನನಗೆ ಹೊಳೆದಿರಲಿಲ್ಲ. 2010ರಲ್ಲಿ ಮಿದುಳಿನ ವಿಜ್ಞಾನಿಗಳಾದ ಜಝಾಯೆರಿ ಮತ್ತು ಶ್ಯಾಡ್ಲೆನ್ ಮಾಡಿದ್ದೂ ಇದನ್ನೇ. ಅವರು ಅವಧಿಗಳ ಮೂರು ಗುಂಪು ಇಟ್ಟಿದ್ದರು. ಮೂರಕ್ಕೂ ಸೇರಿದ ಅವಧಿ 847 ಮಿಲಿಸೆಕೆಂಡ್. ನನ್ನ 850 ಅದರ ಪಕ್ಕದಲ್ಲೇ ಇದೆ ನೋಡಿ.

ಅವರು ಕೊಡುವ ಕಾರಣ ನನಗೆ ತುಂಬಾ ಇಷ್ಟವಾಯಿತು. ನಮ್ಮೊಳಗಿನ ಅಳತೆ ಒರಟು. ಅವಧಿ ಉದ್ದವಾದಷ್ಟೂ ಒರಟುತನ ಜಾಸ್ತಿ. ಹಾಗಾಗಿ ಮನಸ್ಸು ಈಗ ಕಂಡದ್ದೊಂದನ್ನೇ ನಂಬುವುದಿಲ್ಲ. ಇಲ್ಲಿಯವರೆಗೆ ಕಂಡದ್ದನ್ನೂ ಸ್ವಲ್ಪ ಬೆರೆಸುತ್ತದೆ. ಪ್ರತಿ ಉತ್ತರವೂ ನಡುವಿನ ಕಡೆ ಸರಿಯುತ್ತದೆ, ನಿಜ. ಆದರೆ ಒಟ್ಟು ತಪ್ಪು ಕಡಿಮೆಯಾಗುತ್ತದೆ. ನಾನು ತಂತಿಯಲ್ಲಿ ಹುಡುಕುತ್ತಿದ್ದ ದೋಷ ಮನಸ್ಸಿನ ಜಾಣತನ.

ನಂಬಿಕೆ ಸಾಲದೆ ನಿನ್ನೆ ಇನ್ನೊಂದು ಪರೀಕ್ಷೆ ಮಾಡಿದೆ. 850 ಒಂದನ್ನೇ ಅರವತ್ತು ಸಲ ಕೊಟ್ಟೆ. ಯಾವ ಕಡೆಗೂ ವಾಲಲಿಲ್ಲ. ಬೇರೆ ಅವಧಿಗಳನ್ನು ಕಲೆಸಿ ಕೊಟ್ಟ ಕೂಡಲೇ ಮತ್ತೆ ವಾಲಿತು. ನಿಮ್ಮಲ್ಲಿ ಯಾರಾದರೂ ಅವಧಿಗಳನ್ನು ಒಂದೊಂದಾಗಿ ಕಂತಿನಲ್ಲಿ ಕೊಡುತ್ತಿದ್ದರೆ ಕಲೆಸಿ ನೋಡಿ.

ಈ ನಡುವೆ ತಲೆಯಲ್ಲಿ ಇನ್ನೊಂದು ಡಬ್ಬ ಹೊಕ್ಕಿದೆ. ಗಡಿಯಾರದ ಕಡೆ ತಟ್ಟನೆ ಕಣ್ಣು ಹೊರಳಿಸಿದಾಗ ಮೊದಲ ಸೆಕೆಂಡ್ ನಿಂತ ಹಾಗೆ ಅನ್ನಿಸುತ್ತದಲ್ಲ, ಅದನ್ನು ಅಳೆಯಬೇಕು. ದೂರ ದೂರ ಎರಡು ಎಲ್‌ಇಡಿ ಸಾಕು. ಕಣ್ಣು ಯಾವಾಗ ಹೊರಳಿತು ಅಂತ ಹಿಡಿಯುವುದೇ ಕಷ್ಟ. ಅಗ್ಗದ ಇನ್‌ಫ್ರಾರೆಡ್ ಸೆನ್ಸರ್ ಕನ್ನಡಕಕ್ಕೆ ಅಂಟಿಸಿ ನೋಡಿದವರಿದ್ದರೆ ಹೇಳಿ. ತಂಗಿಗೆ ಅದಕ್ಕಿಂತ ದೊಡ್ಡ ಆಸೆ. ಫ್ರೆಂಚ್ ಗುಹಾ ಸಂಶೋಧಕ ಮಿಶೆಲ್ ಸಿಫ್ರ್ 1962ರಲ್ಲಿ ಗಡಿಯಾರವಿಲ್ಲದೆ ಗುಹೆಯಲ್ಲಿದ್ದು ಸೆಪ್ಟೆಂಬರ್ 14ರಂದು ಹೊರಬಂದ. ಅವನ ಲೆಕ್ಕದಲ್ಲಿ ಅಂದು ಆಗಸ್ಟ್ 20. ಅಂಥ ದಿನಗಳ ಲೆಕ್ಕ ಅಳೆಯುವ ಡಬ್ಬ ಮಾಡು ಅನ್ನುತ್ತಾಳೆ. ಬ್ಯಾಟರಿ ನೋಡಿಕೊಳ್ಳುವವರು ಯಾರು?

ಅದಕ್ಕೂ ಮೊದಲು ಇದೇ ಡಬ್ಬಕ್ಕೆ ನೀಲಿ ಎಲ್‌ಇಡಿ ಒಂದನ್ನು ಸೇರಿಸಿದ್ದೇನೆ. ಕೆಂಪಿಗೆ ಗಿಡ್ಡ ಗುಂಪು, ನೀಲಿಗೆ ಉದ್ದದ ಗುಂಪು, ಎರಡೂ ಕಲೆಸಿ. ಮನಸ್ಸು ಬಣ್ಣಕ್ಕೊಂದು ಸರಾಸರಿ ಇಟ್ಟುಕೊಳ್ಳುತ್ತದೆಯೋ, ಎರಡಕ್ಕೂ ಒಂದೇ ಸಾಕು ಅನ್ನುತ್ತದೆಯೋ ನೋಡಬೇಕು. ನಾಳೆ ಸಂಜೆ ತಂಗಿ ಕೂರುತ್ತಾಳೆ. ಯಾವ ಬಣ್ಣಕ್ಕೆ ಯಾವ ಗುಂಪು ಅಂತ ಅವಳಿಗೆ ಹೇಳಿಲ್ಲ.