ಕವರತ್ತಿಯಲ್ಲಿ ಮೊದಲ ಸಲ ಸ್ಕೂಬಾ: ಹಡಗು ಹತ್ತುವ ಮುಂಚೆ ಆರೋಗ್ಯದ ಫಾರಂ ಓದಿ

ನನ್ನ ತಮ್ಮ ಲಕ್ಷದ್ವೀಪಕ್ಕೆ ಬಂದದ್ದೇ ಸ್ಕೂಬಾ ಮಾಡಬೇಕು, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯಬೇಕು ಅಂತ. ಎರಡು ವರ್ಷದಿಂದ ದುಡ್ಡು ಕೂಡಿಟ್ಟಿದ್ದ. ಕೊನೆಗೆ ಅವನು ದಡದಲ್ಲಿ ಉಳಿದ, ಈಜು ಬಾರದ ನಾನು ನೀರಿಗೆ ಇಳಿದೆ. ಅದು ನನಗೆ ಇವತ್ತಿಗೂ ಬೇಜಾರು. ನಿಮಗೆ ಹಾಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ನಾವು ಹೋದದ್ದು ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗಿನಲ್ಲಿ, 'ಸಮುದ್ರಂ' ಪ್ಯಾಕೇಜ್. ರಾತ್ರಿ ಹಡಗು ಸಾಗುತ್ತದೆ, ಹಗಲು ಒಂದೊಂದು ದ್ವೀಪ. ಕವರತ್ತಿ, ಕಲ್ಪೇನಿ, ಮಿನಿಕಾಯ್. ಮಲಗುವುದು ಹಡಗಿನಲ್ಲೇ. ಪರವಾನಗಿ ಇಲ್ಲದೆ ಲಕ್ಷದ್ವೀಪಕ್ಕೆ ಬಿಡುವುದಿಲ್ಲ, ಹಾಗಾಗಿ ಬೆಂಗಳೂರಿನ ಒಬ್ಬ ಏಜೆಂಟ್ ಮೂಲಕ ಎಲ್ಲ ಮಾಡಿಸಿದೆವು. ಸ್ಕೂಬಾಗೆ ಅಂತ ತಲೆಗೆ 4,000 ರೂಪಾಯಿ ಬೇರೆ ತೆಗೆದುಕೊಂಡರು. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಆರೋಗ್ಯದ ಫಾರಂ ಬಂತು. "ಎಲ್ಲದಕ್ಕೂ ನೋ ಅಂತ ಟಿಕ್ ಮಾಡಿ ಕಳಿಸಿ ಮೇಡಂ, ಸುಮ್ನೆ ಫಾರ್ಮಾಲಿಟಿ" ಅಂದರು. ಕಳಿಸಿದೆವು.

ತಮ್ಮನಿಗೆ ಚಿಕ್ಕಂದಿನಿಂದ ಉಬ್ಬಸ ಇದೆ. ಚಳಿಗಾಲದಲ್ಲಿ ಇನ್‌ಹೇಲರ್ ಬೇಕು. ಆ ಫಾರಂನಲ್ಲಿ ಅದರ ಪ್ರಶ್ನೆಯೂ ಇತ್ತು.

ಕವರತ್ತಿಯ ದಡದಲ್ಲಿ ಡೈವ್ ಹೇಳಿಕೊಡುವ ಹುಡುಗ ಪ್ರತಿಯೊಬ್ಬರನ್ನೂ ಕೂರಿಸಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರು. ಹರಕು ಹಿಂದಿ, ಆದರೆ ಒಂದನ್ನೂ ಬಿಡಲಿಲ್ಲ. ತಮ್ಮ ನಿಜ ಹೇಳಿದ. ಅವರು ಒಂದು ಬಲೂನಿನ ಲೆಕ್ಕ ಹೇಳಿದರು. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ತುಂಬಿಸಿದ ಬಲೂನನ್ನು ಮೇಲೆ ತಂದರೆ ಎರಡರಷ್ಟು ಊದುತ್ತದೆ. ಉಬ್ಬಸ ಇರುವವರ ಎದೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಮೇಲೆ ಬರುವಾಗ ಅದೇ ಕಥೆ. "ಡಾಕ್ಟರ್ ಚೀಟಿ ಇದೆಯಾ?" ಅಂತ ಕೇಳಿದರು. ಇರಲಿಲ್ಲ. ಬೆಂಗಳೂರಿನಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಡಾಕ್ಟರಿಗೆ ತೋರಿಸಿದ್ದರೆ ಆಗುತ್ತದೆ ಅಥವಾ ಬೇಡ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಅಲ್ಲಿ ಆ ಹೊತ್ತಿನಲ್ಲಿ ಯಾರ ಹತ್ತಿರ ಚೀಟಿ ಬರೆಸುವುದು?

ಆ ಹುಡುಗನ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ನನ್ನ ತಮ್ಮನ ಜೀವ ಮುಖ್ಯ ಅಂತ ಆವತ್ತು ಯೋಚಿಸಿದ್ದು ಅವರೊಬ್ಬರೇ. ಏಜೆಂಟ್ ಮಾತ್ರ ದುಡ್ಡು ವಾಪಸ್ ಇಲ್ಲ ಅಂದರು. ದಡದಲ್ಲೇ ನೇರವಾಗಿ ಕಟ್ಟಿದ ಒಬ್ಬರು ನಮಗಿಂತ ಸಾವಿರ ಕಡಿಮೆ ಕೊಟ್ಟಿದ್ದರು.

ಆದ್ದರಿಂದ ಫಾರಂ ಕೈಗೆ ಬಂದ ದಿನವೇ ಓದಿ. ಉಬ್ಬಸ, ಬಿಪಿ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಆಪರೇಷನ್, ಗರ್ಭಿಣಿ, ಯಾವುದನ್ನೂ ಮುಚ್ಚಿಡಬೇಡಿ. ನೆಗಡಿ ಇದ್ದರೆ ಆವತ್ತು ಇಳಿಯಲೇಬೇಡಿ. ಮಾತ್ರೆ ನುಂಗಿ ಮೂಗು ಬಿಡಿಸಿಕೊಂಡು ಇಳಿಯುತ್ತೇನೆ ಅನ್ನುವುದೂ ಬೇಡ. ನೀರಿನೊಳಗೆ ಅದರ ಪ್ರಭಾವ ಇಳಿದರೆ ಮೇಲೆ ಬರುವಾಗ ಕಿವಿ ಕಟ್ಟಿಕೊಳ್ಳುತ್ತದೆ.

ಹಡಗಿನಲ್ಲಿ ಬರುವವರಿಗೆ ಇನ್ನೊಂದು ಸಮಸ್ಯೆ ಇದೆ. ಹಿಂದಿನ ರಾತ್ರಿ ಅಲೆ ಜಾಸ್ತಿ ಇತ್ತು, ನಾನು ವಾಂತಿಗೆ ಅವೋಮಿನ್ ತೆಗೆದುಕೊಂಡಿದ್ದೆ. ಅದರಿಂದ ಮಂಪರು ಬರುತ್ತದೆ. ಡೈವ್ ಹುಡುಗ ಯಾವಾಗ ನುಂಗಿದಿರಿ ಅಂತ ಕೇಳಿ, ನನ್ನನ್ನು ಕೊನೆಯ ಸರದಿಗೆ ಹಾಕಿದರು. ಬೆಳಿಗ್ಗೆ ಹಡಗಿನಿಂದ ಇಳಿಯುವುದೂ ಸುಲಭವಲ್ಲ. ಹಡಗು ಹವಳದ ಒಡ್ಡಿನ ಆಚೆಗೇ ನಿಲ್ಲುತ್ತದೆ. ಪಕ್ಕದ ಬಾಗಿಲಿನಿಂದ ಕುಣಿಯುವ ಸಣ್ಣ ದೋಣಿಗೆ ಕಾಲಿಡಬೇಕು. ಸಿಬ್ಬಂದಿ ಎರಡೂ ರಟ್ಟೆ ಹಿಡಿದು ಇಳಿಸುತ್ತಾರೆ. ಮಂಡಿ ನೋವಿರುವ ಅಪ್ಪ ಅಮ್ಮನನ್ನು ಕರೆತರುವವರು ಇದನ್ನು ಯೋಚಿಸಿ. ದಿನಕ್ಕೊಮ್ಮೆ ಇಳಿಯಬೇಕು, ಒಮ್ಮೆ ಹತ್ತಬೇಕು.

ಇನ್ನು ನೀರಿನೊಳಗೆ. ಈಜು ಬರಬೇಕಾಗಿಲ್ಲ, ಅದು ನಿಜ. ಹೇಳಿಕೊಡುವವರು ಬೆನ್ನ ಹಿಂದಿನ ಸಿಲಿಂಡರ್ ಹಿಡಿದೇ ಇರುತ್ತಾರೆ. ಮೊದಲು ಎದೆಮಟ್ಟದ ನೀರಿನಲ್ಲಿ ಬಾಯಿಂದ ಉಸಿರಾಡುವುದು, ಮಾಸ್ಕಿಗೆ ನುಗ್ಗಿದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದು. ಇದನ್ನು ಅವಸರದಲ್ಲಿ ಮುಗಿಸುವವರ ಜೊತೆ ಹೋಗಬೇಡಿ. ಉಸಿರು ಮಾತ್ರ ಎಂದೂ ಹಿಡಿಯಬಾರದು. ಮೀಸೆ ಇರುವವರ ಮಾಸ್ಕಿಗೆ ನೀರು ಬೇಗ ಸೇರುತ್ತದೆ.

ನನಗೆ ಕಷ್ಟವಾದದ್ದು ಕಿವಿ. ಎರಡು ಮೀಟರ್ ಇಳಿಯುವಷ್ಟರಲ್ಲಿ ಎಡಗಿವಿಗೆ ಸೂಜಿ ಚುಚ್ಚಿದಂತಾಯಿತು. ಮೂಗು ಹಿಡಿದು ಮೆಲ್ಲಗೆ ಊದಿದರೂ ಬಿಡಲಿಲ್ಲ. ಕಿವಿ ತೋರಿಸಿ ಕೈ ಅಲ್ಲಾಡಿಸಿದೆ. ಅವರು ನನ್ನನ್ನು ಒಂದು ಮೀಟರ್ ಮೇಲೆ ತಂದು ಮತ್ತೆ ಊದಿಸಿದರು. ಟಕ್ ಅಂತ ಬಿಟ್ಟಿತು. ನೋವು ಬಂದ ಮೇಲೆ ಊದಿ ಪ್ರಯೋಜನವಿಲ್ಲ, ಅರ್ಧ ಮೀಟರಿಗೊಮ್ಮೆ ಮುಂಚೆಯೇ ಊದುತ್ತಾ ಇಳಿಯಬೇಕು. ನೋವು ತಡೆದುಕೊಂಡು ಇಳಿದರೆ ಕಿವಿಯ ತಮಟೆ ಹರಿಯಬಹುದು. ನಾಚಿಕೆ ಬಿಟ್ಟು ಕೈ ಅಲ್ಲಾಡಿಸಿ. ಇನ್ನೊಂದು, ಖುಷಿಯಾದರೆ ಹೆಬ್ಬೆರಳು ಎತ್ತಬೇಡಿ. ನೀರಿನೊಳಗೆ ಅದರ ಅರ್ಥ 'ಮೇಲೆ ಹೋಗೋಣ' ಅಂತ. ನಮ್ಮ ಗುಂಪಿನ ಒಬ್ಬರು ಹಾಗೆ ಮಾಡಿ ಅರ್ಧಕ್ಕೇ ಮೇಲೆ ಬಂದರು.

ಆಮೇಲೆ ನೋಡಿದ್ದನ್ನು ಹೇಗೆ ಹೇಳಲಿ? ಗಿಳಿಮೀನುಗಳು ಹವಳವನ್ನು ಕಟಕಟ ಕಡಿಯುವ ಸದ್ದು ನೀರಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಒಂದು ಆಮೆ ನಮ್ಮನ್ನು ಲೆಕ್ಕಿಸದೆ ಹಾದುಹೋಯಿತು. ನಡುನಡುವೆ ಬೂದಿಬಣ್ಣದ ಸತ್ತ ಹವಳವೂ ಇತ್ತು. 1998, 2010, 2016ರಲ್ಲಿ ಸಮುದ್ರ ಬಿಸಿಯಾಗಿ ಇಲ್ಲಿನ ಹವಳ ಬಿಳಿಚಿಕೊಂಡು ಬಹಳಷ್ಟು ಸತ್ತಿದೆ. ಉಳಿದಿರುವುದನ್ನು ಮುಟ್ಟಬೇಡಿ, ದಡದಲ್ಲಿ ಸಿಕ್ಕ ತುಂಡನ್ನೂ ಚೀಲಕ್ಕೆ ಹಾಕಬೇಡಿ. ನೀರಿನೊಳಗೆ ಇದ್ದದ್ದು ಇಪ್ಪತ್ತು ನಿಮಿಷ ಅಷ್ಟೇ. ಫೋಟೋಗಳೆಲ್ಲ ನೀಲಿ, ಏಕೆಂದರೆ ಕೆಲವೇ ಮೀಟರಿನಲ್ಲಿ ಕೆಂಪು ಬಣ್ಣ ಮಾಯ. ವಿಡಿಯೋಗೆ ಬೇರೆ ದುಡ್ಡು ಕೊಡಬೇಡಿ.

ಮೇಲೆ ಬಂದಾಗ ತಮ್ಮ ಇರಲಿಲ್ಲ. ಬೇಸರದಲ್ಲಿ ನಡೆಯುತ್ತಾ ಹೋಗಿ ಒಂದು ಅಂಗಡಿ ಹುಡುಕಿದ್ದ. "ಅಕ್ಕ, ಬೇಗ ಬಾ, ಖಾಲಿಯಾಗುತ್ತೆ" ಅಂತ ಎಳೆದುಕೊಂಡು ಹೋದ. ತಗಡಿನ ಮಾಡು, ಎರಡು ಬೆಂಚು, ಹೆಸರಿನ ಬೋರ್ಡೂ ಇಲ್ಲ. ಸೂರೆ ಮೀನು (ಟ್ಯೂನಾ) ತುಂಬಿದ ಸಮೋಸ. ಒಳಗೆ ಮೀನು, ಈರುಳ್ಳಿ, ಹಸಿಮೆಣಸು, ಕರಿಬೇವು, ತೆಂಗಿನ ಚೂರು. ಆಲೂಗಡ್ಡೆ ಒಂದು ಚೂರೂ ಇಲ್ಲ. ಕರಿದದ್ದು ತೆಂಗಿನೆಣ್ಣೆಯಲ್ಲಿ, ಹೊರಪದರ ಹಪ್ಪಳದಷ್ಟು ತೆಳು. ಜೊತೆಗೆ ಹಾಲು ಹಾಕದ, ನಿಂಬೆ ಹಿಂಡಿದ ಸುಲೈಮಾನಿ ಚಹಾ. ಉಪ್ಪುನೀರು ಕುಡಿದ ಗಂಟಲಿಗೆ ಅದಕ್ಕಿಂತ ಹಿತವಾದದ್ದು ಇಲ್ಲ. ಇಬ್ಬರೂ ಹೊಟ್ಟೆತುಂಬ ತಿಂದು ನೂರೈವತ್ತು ರೂಪಾಯಿ ಕೊಟ್ಟೆವು. ಆಮೇಲೆ ಹಡಗಿನ ಊಟ ನನಗೆ ರುಚಿಸಲೇ ಇಲ್ಲ. ಡೈವ್‌ಗೆ ಮುಂಚೆ ಮಾತ್ರ ತಿನ್ನಬೇಡಿ, ಎಣ್ಣೆ ತಿಂಡಿ ನೀರಿನೊಳಗೆ ಹೊಟ್ಟೆ ತೊಳಸುತ್ತದೆ.

ಡೈವ್ ಆದ ಮೇಲೆ ಕನಿಷ್ಠ 12 ಗಂಟೆ ವಿಮಾನ ಹತ್ತಬಾರದು, 18 ಆದರೆ ಇನ್ನೂ ಒಳ್ಳೆಯದು. ಹಡಗಿನಲ್ಲಿ ವಾಪಸ್ ಬರುವವರಿಗೆ ಆ ಚಿಂತೆಯಿಲ್ಲ. ವಿಮಾನ ನಿಲ್ದಾಣ ಇರುವ ಅಗತ್ತಿ ದ್ವೀಪದಿಂದ ಹಾರುವವರು ಕೊನೆಯ ದಿನಕ್ಕೆ ಸ್ಕೂಬಾ ಇಟ್ಟುಕೊಳ್ಳಬೇಡಿ. ಬರೀ ಡೈವ್ ಸಾಕು, ಲಕ್ಷದ್ವೀಪ ಬೇಡ ಅನ್ನುವವರಿಗೆ ನಮ್ಮ ಮುರುಡೇಶ್ವರದ ಹತ್ತಿರದ ನೇತ್ರಾಣಿ ಇದ್ದೇ ಇದೆ. ಮಳೆಗಾಲ ಬಿಟ್ಟು ಹೋಗಿ. ತಮ್ಮ ಈಗ ಶ್ವಾಸಕೋಶದ ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸುತ್ತಿದ್ದಾನೆ. ಅವರು ಆಗಬಹುದು ಅಂದರೆ ಜನವರಿಯಲ್ಲಿ ಇಬ್ಬರೂ ನೇತ್ರಾಣಿಗೇ ಹೋಗುತ್ತೇವೆ.